ಓದುಗರ ಪ್ರಶ್ನೆ: ಕೋರೆ ಪಕ್ಕದ ಮನೆ, ಜಮ್ಮಾ ಬಾಣೆಯ ಬಂಡೆ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲುಕೋರೆಯವು. ಆಶ್ಚರ್ಯವೇನಿಲ್ಲ. ಮಳೆ ಬಿಟ್ಟಿದೆ, ಕಾಫಿ ಕೊಯ್ಲಿಗೆ ಇನ್ನೂ ದಿನ ಇದೆ, ಮನೆ ಕೆಲಸ ಶುರು ಮಾಡುವ ಕಾಲ. ಜಲ್ಲಿ ಟಿಪ್ಪರ್ ಓಡಾಡಿದ ಕಡೆಯಿಂದೆಲ್ಲ ನನಗೆ ಕಾಗದ ಬರುತ್ತದೆ. ಹೊಸ ಓದುಗರಿಗೆ ಒಂದು ಮಾತು: ನಾನು ವಕೀಲ ಅಲ್ಲ. ಸರ್ವೆ ಕೆಲಸದಲ್ಲಿ ಚೈನು ಹಿಡಿದು ಬೆಟ್ಟಗುಡ್ಡ ಅಳೆದವನು. ಕೋರೆಗಳ ಗಡಿಯನ್ನೂ ಸಾಕಷ್ಟು ಅಳೆದಿದ್ದೇನೆ. ಈಗ ಕೊಡಗಿನ ಸೋಮವಾರಪೇಟೆ ಹತ್ತಿರ ಎರಡೂವರೆ ಎಕರೆ ಕಾಫಿ ನೋಡಿಕೊಂಡಿದ್ದೇನೆ. ಕೋರ್ಟಿಗೆ ಹೋಗುವ ಹಂತ ಬಂದರೆ ವಕೀಲರನ್ನೇ ನೋಡಿ.

ಪ್ರಶ್ನೆ: ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಕಲ್ಲುಕೋರೆ ಇದೆ. ಮಧ್ಯಾಹ್ನ ಬಂಡೆ ಸಿಡಿಸುತ್ತಾರೆ, ಪಾತ್ರೆಗಳು ನಡುಗುತ್ತವೆ. ಅಡುಗೆಮನೆ ಗೋಡೆ ಬಿರುಕು ಬಿಟ್ಟಿದೆ. ಕಾಫಿ ಎಲೆ ಮೇಲೆಲ್ಲ ಬಿಳಿ ಧೂಳು. ಕೇಳಿದರೆ, "ನಮಗೆ ಪರ್ಮಿಷನ್ ಇದೆ ಅಕ್ಕ. ಐದು ಹೆಕ್ಟೇರ್ ಒಳಗಿನ ಕೋರೆಗೆ ಪರಿಸರ ಅನುಮತಿ ಬೇಕಿಲ್ಲ" ಅಂತಾರೆ. ಇದು ನಿಜವಾ? (ಶನಿವಾರಸಂತೆ ಹೋಬಳಿಯ ಶಿಕ್ಷಕಿಯೊಬ್ಬರು)

ಒಂದು ಕಾಲಕ್ಕೆ ನಿಜ ಇತ್ತು ಮೇಡಂ. ಈಗ ಅಲ್ಲ. ಐದು ಹೆಕ್ಟೇರ್ ಅಂದ್ರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಎಕರೆ ಹದಿನಾಲ್ಕು ಗುಂಟೆ. ಅದಕ್ಕಿಂತ ಸಣ್ಣ ಕೋರೆಗಳು ಪರಿಸರ ಅನುಮತಿಯ ಗೊಡವೆ ಇಲ್ಲದೆ ನಡೆಯುತ್ತಿದ್ದವು. ದೊಡ್ಡ ಬೆಟ್ಟವನ್ನೇ ನಾಲ್ಕೂವರೆ, ನಾಲ್ಕೂವರೆ ಹೆಕ್ಟೇರಿನ ತುಂಡು ಮಾಡಿಕೊಂಡು ಅಗೆಯುವ ಚಾಳಿಯೂ ದೇಶದಲ್ಲಿ ಇತ್ತು. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ಹರಿಯಾಣದ ದೀಪಕ್ ಕುಮಾರ್ ಪ್ರಕರಣದಲ್ಲಿ ಇದಕ್ಕೆ ಬೀಗ ಹಾಕಿತು. ಹೊಸ ಗುತ್ತಿಗೆ ಇರಲಿ, ನವೀಕರಣ ಇರಲಿ, ಐದು ಹೆಕ್ಟೇರಿಗಿಂತ ಕಡಿಮೆ ಇದ್ದರೂ ಪರಿಸರ ಅನುಮತಿ ಬೇಕು ಅಂತ ಹೇಳಿತು. 2016ರಲ್ಲಿ ಸಣ್ಣ ಕೋರೆಗಳ ಅನುಮತಿಯನ್ನು ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ಒಪ್ಪಿಸಿದ್ದರು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದ್ರೆ ಪರಿಸರದ ಕೇಸು ನೋಡುವ ಕೋರ್ಟು, ಅದನ್ನು ಒಪ್ಪಲಿಲ್ಲ. ಹಾಗಾಗಿ ಈಗ ಅನುಮತಿ ಬೆಂಗಳೂರಿನ ರಾಜ್ಯ ಮಟ್ಟದ ಪರಿಸರ ಪ್ರಾಧಿಕಾರದಿಂದಲೇ ಬರಬೇಕು. ನಿಮ್ಮ ಕೋರೆಯವರು 2012ಕ್ಕೆ ಮುಂಚಿನ ಪಾಠವನ್ನೇ ಒಪ್ಪಿಸುತ್ತಿದ್ದಾರೆ.

ಆದರೆ ಅವರ ಹತ್ತಿರ ಅನುಮತಿ ಇದ್ದೂ ಇರಬಹುದು. ಸುಮ್ನೆ ಬಾಯಿಗೆ ಬಂದದ್ದು ಹೇಳಿರಬಹುದು. ಕೋರೆಯ ಕಾಗದ ಏನಿದೆ ಅಂತ ಎಷ್ಟೋ ಕಡೆ ಅಲ್ಲಿನ ರೈಟರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಜಗಳಕ್ಕೆ ಮೊದಲು ಕಾಗದ ತರಿಸಿ. ನಾಲ್ಕು ಕಾಗದ ಬೇಕು: ನಕ್ಷೆ ಸಮೇತ ಗುತ್ತಿಗೆ ಪತ್ರ, ಮಂಜೂರಾದ ಕ್ವಾರಿ ಪ್ಲಾನು, ಪರಿಸರ ಅನುಮತಿ ಪತ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಮೊದಲ ಎರಡಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಪರಿಸರ ಅನುಮತಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲೂ ಹುಡುಕಬಹುದು. ನಿಮ್ಮ ಶಾಲೆಯ ಕಂಪ್ಯೂಟರ್ ಗೊತ್ತಿರುವ ಹುಡುಗನ ಕೈಲಿ ಹುಡುಕಿಸಿ.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇಲ್ಲ. ಪರಿಸರ ಅನುಮತಿ ಸಿಕ್ಕ ಏಳು ದಿನದ ಒಳಗೆ ಅದನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಜಾಹೀರಾತು ಮಾಡಬೇಕು, ಒಂದಾದರೂ ಊರಿನ ಭಾಷೆಯಲ್ಲಿ ಇರಬೇಕು. ಪ್ರತಿಯನ್ನು ಪಂಚಾಯ್ತಿಗೂ ಕೊಡಬೇಕು, ಪಂಚಾಯ್ತಿ ಅದನ್ನು ಮೂವತ್ತು ದಿನ ಪ್ರದರ್ಶಿಸಬೇಕು. ನಿಮ್ಮ ಪಂಚಾಯ್ತಿ ಬೋರ್ಡಿನಲ್ಲಿ ಅಂಥದ್ದೇನಾದರೂ ನೋಡಿದ ನೆನಪಿದೆಯಾ? ಇಲ್ಲ ಅಂದ್ರೆ ಅದೇ ನಿಮ್ಮ ಮೊದಲ ಪ್ರಶ್ನೆ.

ಅನುಮತಿ ಪತ್ರ ಕೈಗೆ ಬಂದ ಮೇಲೆ ಮೊದಲ ಪುಟ ಬಿಟ್ಟು ಹಿಂದಿನ ಪುಟಗಳನ್ನು ಓದಿ. ಮೊದಲ ಪುಟದಲ್ಲಿ ಕೊಟ್ಟಿದ್ದೇವೆ ಅಂತ ಇರುತ್ತದೆ. ಹಿಂದೆ ಷರತ್ತುಗಳಿರುತ್ತವೆ. ವರ್ಷಕ್ಕೆ ಎಷ್ಟು ಟನ್ ತೆಗೆಯಬಹುದು, ಎಷ್ಟು ಆಳ, ರಸ್ತೆಗೆ ಎಷ್ಟು ಸಲ ನೀರು ಹೊಡೆಯಬೇಕು, ಎಷ್ಟು ಗಿಡ ನೆಡಬೇಕು, ಮಳೆನೀರು ತೋಡಿಗೆ ಸೇರುವ ಮುಂಚೆ ಹೂಳು ಇಳಿಯುವ ಗುಂಡಿ ಎಲ್ಲಿ. ಈ ಷರತ್ತು ಪಾಲಿಸಿದ್ದೇವೆ ಅಂತ ವರ್ಷಕ್ಕೆರಡು ಸಲ, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ, ವರದಿ ಒಪ್ಪಿಸಬೇಕು. ಆ ವರದಿಯನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಐನೂರು ಗಿಡ ನೆಟ್ಟಿದ್ದೇವೆ ಅಂತ ಬರೆದಿದ್ದರೆ, ಹೋಗಿ ಎಣಿಸುವುದಕ್ಕೆ ವಕೀಲರು ಬೇಕಿಲ್ಲ.

ಗಡಿಯ ವಿಷಯ ನನ್ನ ಕೆಲಸದ್ದು, ಸ್ವಲ್ಪ ಹೇಳುತ್ತೇನೆ. ಗುತ್ತಿಗೆ ಜಾಗದ ಮೂಲೆ ಮೂಲೆಗೂ ಗುರುತಿನ ಕಂಬ ಇರಬೇಕು. ಗಡಿಯಿಂದ ಒಳಕ್ಕೆ 7.5 ಮೀಟರ್ ಬಿಟ್ಟೇ ಅಗೆಯಬೇಕು ಅಂತ ಪ್ಲಾನಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಒಂದು ಕೋರೆಗೆ ನಾನು ಮೂರು ವರ್ಷ ಬಿಟ್ಟು ಮತ್ತೆ ಅಳೆಯಲು ಹೋದಾಗ ಪೂರ್ವದ ಎರಡು ಗಡಿಕಲ್ಲು ಹನ್ನೊಂದು ಮೀಟರ್ ಆಚೆ ನಿಂತಿದ್ದವು. ಮೇಸ್ತ್ರಿಯನ್ನು ಕೇಳಿದರೆ, "ಮಳೆಗೆ ಜಾರಿರಬೇಕು ಸಾರ್" ಅಂದ. ಜಾರಿದ್ದು ಇಳಿಜಾರಿಗಲ್ಲ, ಏರಿಗೆ! ಕಲ್ಲಿಗೂ ಕಾಲು ಬರುತ್ತದೆ ಅಂತ ಅವತ್ತು ತಿಳಿದೆ. ನಿಮ್ಮ ಕೋರೆಯ ಅಗೆತ ಗಡಿಯ ಹತ್ತಿರ ಬಂದಿದೆ ಅನ್ನಿಸಿದರೆ ಮರು ಅಳತೆ ಮಾಡಿ ಅಂತ ಲಿಖಿತವಾಗಿ ಕೇಳಿ.

ಇನ್ನು ಬಿರುಕು. ಇಲ್ಲಿ ನಿಮಗೆ ಸ್ವಲ್ಪ ಕಹಿ ಮಾತು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಎಲ್ಲ ಬಿರುಕೂ ಸ್ಫೋಟದ್ದಲ್ಲ. 2018ರ ಆಗಸ್ಟಿನ ಭೂಕುಸಿತದ ಮೇಲೆ ನಮಗೆಲ್ಲ ಗೊತ್ತಾಗಿದೆ, ನೀರು ಕುಡಿದ ಇಳಿಜಾರು ತಾನಾಗೇ ಸರಿಯುತ್ತದೆ. ಕೋರೆಯವರು ಇದನ್ನೇ ಹೇಳಿ ಜಾರಿಕೊಳ್ಳುತ್ತಾರೆ. ಅದಕ್ಕೆ ನೀವೇ ದಾಖಲೆ ಮಾಡಿಟ್ಟುಕೊಳ್ಳಿ. ಬಿರುಕಿನ ಮೇಲೆ ಅಡ್ಡಲಾಗಿ ಸಣ್ಣ ಗಾಜಿನ ತುಂಡೊಂದನ್ನು ಸಿಮೆಂಟಿನಿಂದ ಎರಡೂ ಬದಿಗೆ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಫೋಟೊ ತೆಗೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಒಂದು ನೋಟುಬುಕ್ಕಿನಲ್ಲಿ ಸ್ಫೋಟದ ದಿನ, ಗಂಟೆ ಬರೆಯುತ್ತಾ ಹೋಗಿ. ಜುಲೈನಲ್ಲಿ ಒಡೆದರೆ ವಾದ ಕಷ್ಟ. ಫೆಬ್ರವರಿಯಲ್ಲಿ, ನೆಲ ಒಣಗಿ ಕಲ್ಲಾಗಿರುವಾಗ, ಸ್ಫೋಟದ ದಿನವೇ ಒಡೆದರೆ ಮಳೆಯನ್ನು ದೂರುವ ಹಾಗಿಲ್ಲ.

ಅಧಿಕಾರಿಗಳ ಹತ್ತಿರ ಹೋದಾಗ "ನಡುಗುತ್ತದೆ ಸಾರ್" ಅಂದ್ರೆ ಸಾಲದು. ನಡುಕಕ್ಕೂ ಅಳತೆ ಇದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲೇ ಮಿತಿ ಹಾಕಿದೆ. ಬೇರೆಯವರ ವಾಸದ ಮನೆಯ ಬಳಿ ನೆಲದ ಕಂಪನದ ವೇಗ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್ ಮೀರಬಾರದು. ಕಂಪನ ನಿಧಾನದ್ದಾದಷ್ಟೂ ಮಿತಿ ಬಿಗಿ, ಏಕೆಂದರೆ ನಿಧಾನದ ಅಲೆಯೇ ಗೋಡೆಗೆ ಕೆಟ್ಟದ್ದು. ಅದನ್ನು ಅಳೆಯುವ ಯಂತ್ರ ಇದೆ. ನಮ್ಮ ಮನೆ ಜಗಲಿಯ ಮೇಲೆ ಯಂತ್ರ ಇಟ್ಟು ಒಂದು ಸ್ಫೋಟ ಅಳೆಯಿರಿ ಅಂತ ಅರ್ಜಿಯಲ್ಲಿ ಬರೆಯಿರಿ. ಈ ಒಂದು ಸಾಲು ನೋಡಿದರೆ ಅರ್ಜಿ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಅನುಭವದಿಂದ ಹೇಳುತ್ತಿದ್ದೇನೆ.

ಸಿಡಿಸುವುದಕ್ಕೂ ಪ್ರತ್ಯೇಕ ಅನುಮತಿ ಬೇಕು. ಕೋರೆಯ ಗುತ್ತಿಗೆ ಇದೆ ಅಂದ ಮಾತ್ರಕ್ಕೆ ಮದ್ದು ಇಡುವ ಹಾಗಿಲ್ಲ. ಸ್ಫೋಟಕದ ಲೈಸೆನ್ಸ್ ಬೇರೆ, ಮದ್ದು ಇಡುವವನಿಗೆ ಪ್ರಮಾಣಪತ್ರ ಬೇರೆ. ಲೋಹಗಣಿ ನಿಯಮಾವಳಿ ಪ್ರಕಾರ ಸ್ಫೋಟದ ಜಾಗದ ಸುತ್ತ 300 ಮೀಟರ್ ಅಪಾಯದ ವಲಯ. ಎಚ್ಚರಿಕೆ ಕೊಟ್ಟು, ಆ ವಲಯದ ಜನ ಮರೆಗೆ ಹೋದ ಮೇಲೇ ಸಿಡಿಸಬೇಕು. ನಿಮ್ಮ ಮನೆ ಅದರೊಳಗಿದ್ದು, ಸೈರನ್ ಕೇಳದೆ ಸ್ಫೋಟ ಮಾತ್ರ ಕೇಳಿಸುತ್ತಿದ್ದರೆ ಅದೂ ಒಂದು ದೂರು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡೆ ಕೋರೆಯ ಸ್ಫೋಟಕದಿಂದ ಜನ ಸತ್ತರು. ಆಮೇಲೆ ಸರ್ಕಾರ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅನುಮತಿ ಇಲ್ಲದ ಕೋರೆಗಳ ಮೇಲೆ ಬಿಗಿ ಮಾಡಿತು. ಆ ಅನುಮತಿಯ ನಕಲನ್ನೂ ಕೇಳಿ.

ಧೂಳಿನ ದೂರು ಮಾಲಿನ್ಯ ಮಂಡಳಿಗೆ. ಗಡಿ, ಆಳ, ಟನ್ನಿನ ದೂರು ಗಣಿ ಇಲಾಖೆಗೆ. ಎರಡರ ನಕಲೂ ಜಿಲ್ಲಾಧಿಕಾರಿಗಳಿಗೆ, ಏಕೆಂದರೆ ಅಕ್ರಮ ಗಣಿಗಾರಿಕೆ ತಡೆಯುವ ಜಿಲ್ಲಾ ಟಾಸ್ಕ್‌ಫೋರ್ಸಿನ ತಲೆ ಅವರೇ. ಪಕ್ಕದಲ್ಲಿ ಕ್ರಷರ್ ಇದ್ದರೆ ಅದರ ಲೈಸೆನ್ಸೂ 2011ರ ಕ್ರಷರ್ ಕಾಯ್ದೆಯಂತೆ ಅವರ ಸಮಿತಿಯದ್ದೇ. ಯಾರೂ ಕೇಳದಿದ್ದರೆ ಚೆನ್ನೈನಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇದೆ. ಗಡುವು ಮಾತ್ರ ಮರೆಯಬೇಡಿ. ಹೊಸ ಪರಿಸರ ಅನುಮತಿಯನ್ನು ಪ್ರಶ್ನಿಸಲು 30 ದಿನ, ಕಾರಣ ಕೊಟ್ಟರೆ ಇನ್ನೂ 60 ದಿನ. ಬೇರೆ ತಕರಾರಿಗೆ ಆರು ತಿಂಗಳು. ಹಾನಿಯ ಪರಿಹಾರಕ್ಕೆ ಐದು ವರ್ಷ. ಎಷ್ಟೋ ಒಳ್ಳೆಯ ದೂರುಗಳು ತಾರೀಕು ದಾಟಿ ಸತ್ತಿವೆ.

ಪ್ರಶ್ನೆ: ನಮ್ಮದು ಜಮ್ಮಾ ಬಾಣೆ, ಅಂದ್ರೆ ಒಕ್ಕಕ್ಕೆ (ಮನೆತನಕ್ಕೆ) ತಲೆತಲಾಂತರದಿಂದ ಬಂದ ಗುಡ್ಡದ ಜಾಗ. ಮೂಲೆಯಲ್ಲಿ ದೊಡ್ಡ ಬಂಡೆ ಇದೆ. ಕಂಟ್ರಾಕ್ಟರ್ ಒಬ್ಬರು ಟನ್ನಿಗೆ ಇಷ್ಟು ಅಂತ ಕೊಡುತ್ತೇನೆ, ಒಂದು ಸಹಿ ಹಾಕಿ ಅನ್ನುತ್ತಿದ್ದಾರೆ. ಮಣ್ಣಿನಡಿಯ ಖನಿಜ ಭೂಮಾಲೀಕನದೇ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಹಾಗಾದರೆ ನಮ್ಮ ಕಲ್ಲಿಗೆ ಸರ್ಕಾರದ ಅನುಮತಿ ಯಾಕೆ? (ಮಡಿಕೇರಿ ತಾಲ್ಲೂಕು)

ನೀವು ಹೇಳುವ ತೀರ್ಪು 2013ರ ಜುಲೈನದು, ಕೇರಳದ್ದು. ಮಲಬಾರಿನ ಜನ್ಮಿಗಳ, ಅಂದ್ರೆ ಪರಂಪರೆಯ ಜಮೀನ್ದಾರರ, ಜಮೀನಿನ ವಿಷಯ. ಅಲ್ಲಿ ನೆಲದಡಿಯ ಹಕ್ಕೂ ನೆಲದ ಒಡೆಯನದೇ ಅಂತ ಕೋರ್ಟ್ ಹೇಳಿದ್ದು ಹೌದು. ಆದರೆ ನಮ್ಮಲ್ಲಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಇದೆ. ಅದರ 70ನೇ ಕಲಂ ಖನಿಜದ ಹಕ್ಕು ರಾಜ್ಯ ಸರ್ಕಾರದ್ದು ಅನ್ನುತ್ತದೆ. ಕೇರಳದ ತೀರ್ಪನ್ನು ಜಮ್ಮಾಕ್ಕೆ ಹೊಂದಿಸಬಹುದೋ ಇಲ್ಲವೋ, ಅದು ವಕೀಲರ ತಲೆಬಿಸಿ. ನಿಮ್ಮ ಪ್ರಶ್ನೆಗೆ ಅದು ಬೇಕೂ ಇಲ್ಲ. ಒಡೆತನ ಯಾರದೇ ಇರಲಿ, ತೆಗೆಯುವುದಕ್ಕೆ ಅನುಮತಿ ಬೇಕು. ನಿಮ್ಮದೇ ಜೀಪು, ಓಡಿಸಲು ಲೈಸೆನ್ಸ್ ಬೇಡವಾ?

ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಮರಳು, ಜೇಡಿ ಇವೆಲ್ಲ 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಉಪಖನಿಜ. ಇವುಗಳ ನಿಯಮ ಮಾಡುವ ಅಧಿಕಾರ ರಾಜ್ಯಕ್ಕಿದೆ. ನಮ್ಮ ರಾಜ್ಯದ್ದು 1994ರ ಉಪಖನಿಜ ರಿಯಾಯಿತಿ ನಿಯಮಗಳು. ಅನುಮತಿ ಇಲ್ಲದೆ ತೆಗೆದರೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷದವರೆಗೆ ದಂಡ. ಮೇಲಿಂದ ತೆಗೆದ ಕಲ್ಲಿನ ಬೆಲೆಯನ್ನೂ ವಸೂಲಿ ಮಾಡಬಹುದು. ತೋಟದಲ್ಲಿ ಎದ್ದ ಕಲ್ಲು ಎತ್ತಿ ಅಲ್ಲೇ ಬದುವಿಗೆ ಜೋಡಿಸಿದರೆ ಅದನ್ನು ಯಾರೂ ಗಣಿಗಾರಿಕೆ ಅನ್ನುವುದಿಲ್ಲ. ಬಂಡೆ ಸಿಡಿಸಿ ಟಿಪ್ಪರಿಗೆ ತುಂಬಿದರೆ ಗಣಿಗಾರಿಕೆಯೇ.

ಈಗ ಆ ಒಂದು ಸಹಿ. ಅದು ಯಾವ ಕಾಗದಕ್ಕೆ? ಕಂಟ್ರಾಕ್ಟರ್ ತನ್ನ ಹೆಸರಿನಲ್ಲಿ ಗುತ್ತಿಗೆಗೆ ಅರ್ಜಿ ಹಾಕಿ, ನೀವು ಭೂಮಾಲೀಕರಾಗಿ ಒಪ್ಪಿಗೆ ಕೊಡುವುದಾದರೆ ಷರತ್ತು ಪಾಲಿಸುವ ಜವಾಬ್ದಾರಿ ಅವರ ತಲೆ ಮೇಲೆ. ಗುತ್ತಿಗೆ ನಿಮ್ಮ ಹೆಸರಿನಲ್ಲಿ, ಕೆಲಸ ಮಾತ್ರ ಅವರದು ಅಂತಾದರೆ ಎಚ್ಚರ. ರಾಜಧನ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ಹಣ) ಬಾಕಿ, ಜಿಲ್ಲಾ ಖನಿಜ ಪ್ರತಿಷ್ಠಾನದ ವಂತಿಗೆ, ಹೆಚ್ಚುವರಿ ಟನ್ನಿನ ದಂಡ, ಕೂಲಿಯವರಿಗೆ ಪೆಟ್ಟಾದರೆ ಅದು, ಎಲ್ಲದರ ನೋಟಿಸೂ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಅಷ್ಟೊತ್ತಿಗೆ ಕಂಟ್ರಾಕ್ಟರ್ ಫೋನು ಸ್ವಿಚ್ ಆಫ್. ಇದನ್ನು ನಾನು ಒಂದಲ್ಲ, ಮೂರು ಮನೆಯಲ್ಲಿ ನೋಡಿದ್ದೇನೆ.

ಜಮ್ಮಾ ಅಂದ ಮೇಲೆ ಇನ್ನೊಂದು ಗಂಟು ಇದೆ. ಪಟ್ಟೇದಾರರು, ಅಂದ್ರೆ ಒಕ್ಕದ ಪರವಾಗಿ ಜಮೀನು ಯಾರ ಹೆಸರಿನಲ್ಲಿದೆಯೋ ಅವರು, ಯಾರು, ಪಹಣಿಯಲ್ಲಿ ಯಾರ್‍ಯಾರ ಹೆಸರಿದೆ? ಒಕ್ಕದ ಎಲ್ಲರ ಒಪ್ಪಿಗೆ ಇಲ್ಲದೆ ನೀವೊಬ್ಬರೇ ಸಹಿ ಮಾಡಿದರೆ ಬಂಡೆಗಿಂತ ಮೊದಲು ಮನೆ ಒಡೆಯುತ್ತದೆ.

ಇಷ್ಟಕ್ಕೂ ನಿಮ್ಮ ಬಾಣೆಗೆ ಗುತ್ತಿಗೆ ಸಿಗುತ್ತದೆಯೇ ಅನ್ನುವುದನ್ನು ಮೊದಲು ನೋಡಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ಮೂರೂ ವನ್ಯಧಾಮ. ಆ ಕಡೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಇವುಗಳ ಒಳಗೆ ಮತ್ತು ಗಡಿಯಿಂದ ಒಂದು ಕಿಲೋಮೀಟರ್ ತನಕ ಗಣಿಗಾರಿಕೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 26ರಂದು ಖಡಾಖಂಡಿತ ಹೇಳಿದೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ನಿಮ್ಮ ಗ್ರಾಮದ ಹೆಸರು ಇದೆಯಾ ಅಂತಲೂ ನೋಡಿ. 2014ರ ಮಾರ್ಚಿನಿಂದ ಕರಡಿನ ಮೇಲೆ ಕರಡು ಬರುತ್ತಿದೆ, 2024ರ ಜುಲೈ 31ರಂದೂ ಒಂದು ಬಂತು. ಆ ಹಳ್ಳಿಗಳಲ್ಲಿ ಗಣಿ, ಕೋರೆ, ಮರಳು ಮೂರನ್ನೂ ನಿಲ್ಲಿಸಬೇಕು ಅಂತ ಅದರಲ್ಲಿದೆ. ಕಂಟ್ರಾಕ್ಟರ್ ಇದ್ಯಾವುದನ್ನೂ ಹೇಳದೆ ಸಹಿ ಕೇಳುತ್ತಿದ್ದಾರೆ ಅಂದ್ರೆ, ಅವರ ಕಾಫಿ ಕುಡಿದು ಎದ್ದು ಬನ್ನಿ.

ಪ್ರಶ್ನೆ: ಮನೆ ಕಟ್ಟಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತರಿಸಿದೆ. ದಾರಿಯಲ್ಲಿ ಗಾಡಿ ಹಿಡಿದರು. ಡ್ರೈವರ್ ನನ್ನ ಹೆಸರು ಹೇಳಿದ್ದಾನೆ. ದುಡ್ಡು ಕೊಟ್ಟು ಕೊಂಡವನದು ತಪ್ಪೇನು? (ಕುಶಾಲನಗರ)

ತಪ್ಪು ಮುಖ್ಯವಾಗಿ ಸಾಗಿಸಿದವರದು. ಪರವಾನಗಿ ಇಲ್ಲದೆ ಖನಿಜ ಸಾಗಿಸುವುದು, ಕೂಡಿಡುವುದು ಎರಡೂ ಅಪರಾಧ, ಗಾಡಿ ಮುಟ್ಟುಗೋಲು ಆಗಬಹುದು. ಕೂಡಿಡುವುದು ಅಂದೆ, ಗಮನಿಸಿ. ನಿಮ್ಮ ಅಂಗಳದ ರಾಶಿಗೂ ಲೆಕ್ಕ ಕೇಳಬಹುದು. ಗಣಿ ಕಾಯ್ದೆ ಮಾತ್ರವಲ್ಲ, ಸರ್ಕಾರದ ಖನಿಜ ಕದ್ದರೆ ಕಳ್ಳತನದ ಕೇಸೂ ಹಾಕಬಹುದು ಅಂತ 2014ರಲ್ಲಿ ದೆಹಲಿಯ ಮರಳಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಲೋಡು ಇಳಿಸುವ ಮುಂಚೆ ಸಾಗಣೆ ಪರ್ಮಿಟ್ ಕೇಳಿ. ಈಗ ಅದು ಕಂಪ್ಯೂಟರಿನಿಂದಲೇ ಬರುತ್ತದೆ. ಗಾಡಿ ನಂಬರು, ಮಾಲು, ತೂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಯವರೆಗೆ, ಎಲ್ಲ ಇರುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ನಾನು ಮೋಸಹೋಗಿದ್ದು ಆ ಗಂಟೆಯಲ್ಲೇ. ನಮ್ಮ ಕಣಕ್ಕೆ ಜಲ್ಲಿ ತರಿಸಿದಾಗ ಡ್ರೈವರ್ ಗತ್ತಿನಿಂದ ಪರ್ಮಿಟ್ ಕೊಟ್ಟ. ಕನ್ನಡಕ ಒಳಗಿತ್ತು. ರಾತ್ರಿ ಓದಿದರೆ ಹಿಂದಿನ ದಿನದ್ದು, ಬೇರೆ ಊರಿನದ್ದು. ಇಷ್ಟು ವರ್ಷ ಇದನ್ನೇ ಊರಿಗೆಲ್ಲ ಹೇಳಿಕೊಟ್ಟವನು ನಾನು! ನಮ್ಮವಳು ಇನ್ನೂ ಆಡಿಕೊಂಡು ನಗುತ್ತಾಳೆ.

ಘಾಟಿಯಲ್ಲಿ ಮಣ್ಣು ಕುಸಿದು ಗಾಡಿ ನಿಂತು ಗಂಟೆ ಮೀರಿದರೆ ಏನು ಅಂತ ಸಂಪಾಜೆ ಕಡೆಯವರೂ ಕೇಳಿದ್ದಾರೆ. ಗಾಡಿ ನಿಂತ ಜಾಗದ ಫೋಟೊ ತೆಗೆದು, ಪರ್ಮಿಟ್ ಕೊಟ್ಟ ಕೋರೆಗೆ ಕೂಡಲೇ ಫೋನು ಮಾಡಿ. ಸುಮ್ಮನೆ ಹೊರಟು ಬಂದು ಆಮೇಲೆ ಕಥೆ ಹೇಳಬೇಡಿ.

ಪ್ರಶ್ನೆ: ಹೋಂಸ್ಟೇ ಕಟ್ಟಲು ನಮ್ಮ ಜಾಗದಲ್ಲೇ ಗುಡ್ಡ ಕಡಿದು ಮಟ್ಟ ಮಾಡಿದ್ದೇವೆ. ಮಣ್ಣಿಗೂ ರಾಜಧನ ಇದೆಯಾ? (ಓದುಗರೊಬ್ಬರು)

ಮಣ್ಣು ಎಲ್ಲಿಗೆ ಹೋಯಿತು ಅನ್ನುವುದರ ಮೇಲೆ ಇದೆ. ರಸ್ತೆ, ಕಟ್ಟಡ, ಏರಿ ತುಂಬಿಸಲು ಬಳಸುವ ಸಾಮಾನ್ಯ ಮಣ್ಣನ್ನೂ 2000ದ ಫೆಬ್ರವರಿ 3ರ ಅಧಿಸೂಚನೆಯಲ್ಲಿ ಉಪಖನಿಜ ಮಾಡಿದ್ದಾರೆ. ಪಾಯಕ್ಕೆ ತೆಗೆದ ಮಣ್ಣನ್ನು ಅಲ್ಲೇ ಬಳಸಿದ ಮಾತ್ರಕ್ಕೆ ರಾಜಧನ ಕೇಳುವ ಹಾಗಿಲ್ಲ ಅಂತ 2014ರ ಡಿಸೆಂಬರಿನಲ್ಲಿ ಪುಣೆಯ ಬಿಲ್ಡರುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಲೋಡುಗಟ್ಟಲೆ ಮಾರಿದ್ದರೆ ಆ ಮಾತು ಬೇರೆ. ರಾಜಧನ ಇರಲಿ, ಕಡಿದ ಗುಡ್ಡದ ಬುಡಕ್ಕೆ ತಡೆಗೋಡೆ ಹಾಕಿದ್ದೀರಾ? ಅದನ್ನು ನೀವು ಬರೆದೇ ಇಲ್ಲ.

ಪ್ರಶ್ನೆ: ಊರ ಪಕ್ಕ ಹಳೆ ಕೋರೆ ಹೊಂಡದಲ್ಲಿ ನೀರು ತುಂಬಿದೆ. ಗುತ್ತಿಗೆ ಮುಗಿದು ಹೋದವರು ತಿರುಗಿ ನೋಡಿಲ್ಲ. ಹೋದ ವರ್ಷ ದನ ಬಿದ್ದು ಸತ್ತಿತು. ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ಅಲ್ಲಿಗೆ ಪಂಪ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಬಹುದಾ? (ಕೊಡ್ಲಿಪೇಟೆ ಕಡೆಯಿಂದ)

ದನದ ಸಾಲು ಓದಿ ಮುಗಿಸುವ ಮೊದಲೇ ಪಂಪಿನ ಸಾಲು ಬಂತು. ನಾನೂ ಕಾಫಿಯವನೇ, ಅರ್ಥವಾಗುತ್ತದೆ.

ಗುತ್ತಿಗೆ ಮುಗಿದರೆ ಹೊಣೆ ಮುಗಿಯುವುದಿಲ್ಲ. ಕೋರೆ ಮುಚ್ಚುವಾಗ ಏನು ಮಾಡಬೇಕು ಅಂತ ಪ್ಲಾನಿನಲ್ಲೇ ಬರೆಸಿಕೊಂಡಿರುತ್ತಾರೆ: ಅಂಚು ಇಳಿಜಾರು ಮಾಡುವುದು, ಬೇಲಿ, ಗಿಡ. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಷರತ್ತು ಸೇರಿಸಲು ಹೇಳಿತು. ಗಣಿ ಕೆಲಸ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವ ಹಾಗೆ ಮಾಡಿಕೊಡಬೇಕು. ನಿಮ್ಮ ಹೊಂಡದ ಹಳೆ ಗುತ್ತಿಗೆದಾರರ ಹೆಸರು, ಮಂಜೂರಾದ ಪ್ಲಾನು, ಕಟ್ಟಿದ ಠೇವಣಿ ಇದ್ದರೆ ಅದನ್ನು ವಾಪಸ್ ಕೊಟ್ಟಿದ್ದಾರೆಯೇ, ಇಷ್ಟನ್ನು ಗಣಿ ಇಲಾಖೆಯಿಂದ ಮಾಹಿತಿ ಹಕ್ಕಿನಲ್ಲಿ ಪಡೆಯಿರಿ. ದನದ ಪರಿಹಾರದ ಅರ್ಜಿಗೂ ಅದೇ ಹೆಸರು ಬೇಕು. ಹೋದ ವರ್ಷದ್ದಾದ್ದರಿಂದ ಐದು ವರ್ಷದ ಗಡುವಿನ ಒಳಗೇ ಇದ್ದೀರಿ.

ನೀರಿನ ವಿಷಯ. ಬಂಡೆ ಸಿಡಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ, ಸಿಡಿಯದೆ ಉಳಿದದ್ದು ನೀರಿಗೆ ಇಳಿಯುತ್ತದೆ. ಕಾಫಿಗೆ ಅಷ್ಟು ಚಿಂತೆ ಇಲ್ಲ, ಅದು ಗೊಬ್ಬರದ ಜಾತಿಯೇ. ಆದರೆ ಅದೇ ಪೈಪಿನಿಂದ ದನ ಕುಡಿಯುತ್ತದೆ, ಕೂಲಿಯವರು ಬಾಟಲಿ ತುಂಬಿಸುತ್ತಾರೆ. ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಒಂದು ಬಾಟಲಿ ಲ್ಯಾಬಿಗೆ ಕೊಟ್ಟು ನೋಡಿ. ಜಾಗ ಸರ್ಕಾರದ್ದಾದರೆ ನೀರೆತ್ತಲು ಪಂಚಾಯ್ತಿಯನ್ನೂ ತಹಶೀಲ್ದಾರರನ್ನೂ ಕೇಳಬೇಕು. ಹೇಗೂ ಹೋಗುತ್ತೀರಲ್ಲ, ಪಂಪಿನ ಅರ್ಜಿಗಿಂತ ಮೊದಲು ಬೇಲಿಯ ಅರ್ಜಿ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಅದರ ಪ್ರತಿಯೊಂದನ್ನು ನನಗೂ ಕಳಿಸಿ.